ಗಲ್ಲಾದಲ್ಲಿ ಕೂತವರ ಕಾನೂನು

ಹೊಟೇಲಿನ ಕೆಲಸ ಬಿಟ್ಟು ಹೊರಟ ಹುಡುಗನಿಗೆ ಬಾಕಿ ಸಂಬಳ ಯಾವತ್ತು ಸಿಗಬೇಕು ಅನ್ನುವುದನ್ನು ತೀರ್ಮಾನಿಸುವವರು ಯಾರು? ಮಾಲೀಕರಲ್ಲ, ಅವರ ಆಡಿಟರೂ ಅಲ್ಲ. ಗಲ್ಲಾದಲ್ಲಿ ಕೂತ ಮ್ಯಾನೇಜರು. ‘ಮುಂದಿನ ತಿಂಗಳು ಹತ್ತನೇ ತಾರೀಕು ಬಾರಪ್ಪ’ ಅಂತ ಅವರು ಅಂದರೆ ಆ ಹೊಟೇಲಿನ ಮಟ್ಟಿಗೆ ಅದೇ ಕಾನೂನು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಲೆಕ್ಕ ಬೇರೆ. ಕೆಲಸ ತಾನಾಗಿ ಬಿಟ್ಟರೂ ಸರಿ, ತೆಗೆದುಹಾಕಿದರೂ ಸರಿ, ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ ಚುಕ್ತಾ ಆಗಬೇಕು.

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಹೊಟೇಲು, ಸೀರೆ ಅಂಗಡಿ, ನರ್ಸಿಂಗ್ ಹೋಮುಗಳಿಗೆ ಹೋಗಿ ಇಂಥದ್ದನ್ನು ಹೇಳಿಕೊಡುವುದು ನನ್ನ ಕಸುಬು. ಅದಕ್ಕೂ ಮುಂಚೆ ಹೊಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಕಲ್ಯಾಣಾಧಿಕಾರಿಯಾಗಿದ್ದೆ. ಐನೂರು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಇಂಥ ಹುದ್ದೆ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಕರೆದವರೆಲ್ಲ ಮೊದಲು ಕೇಳುವುದು ಒಂದೇ: ‘ಮೇಡಂ, ಟ್ರೇನಿಂಗ್ ಯಾರಿಗೆ ಕೊಡಿಸಬೇಕು?’ ಅವರ ಮನಸ್ಸಿನಲ್ಲಿರುವುದು ಸಪ್ಲೈಯರ್‌ಗಳು, ಸೇಲ್ಸ್ ಹುಡುಗಿಯರು, ಆಯಾಗಳು. ನಾನು ಕೇಳುವುದು ಮ್ಯಾನೇಜರನ್ನು, ಫ್ಲೋರ್ ಇನ್‌ಚಾರ್ಜನ್ನು, ಹಾಜರಿ ಹಾಕುವ ಗುಮಾಸ್ತರನ್ನು. ಅಲ್ಲಿಗೆ ಮಾಲೀಕರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಗಲ್ಲಾ ಬಿಟ್ಟು ಅವರು ಎರಡು ಗಂಟೆ ಕೂತರೆ ವ್ಯಾಪಾರ ನೋಡುವವರು ಯಾರು?

ಇದು ಹಟದ ಮಾತಲ್ಲ. ಮೇಲ್ವಿಚಾರಕರಿಗೆ ವಿಷಯ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಬಿಟಿಎಂ ಲೇಔಟಿನ ಪಕ್ಕದಲ್ಲೇ ಈ ಊರು ಕಂಡಿದೆ.

2016ರ ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಹೊರಬಂದ ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲಿ ಕೂತುಬಿಟ್ಟರು. ಸಿಲ್ಕ್ ಬೋರ್ಡಿನ ಕಡೆಗೆ ಹೋಗುವ, ಬರುವ ವಾಹನಗಳು ಗಂಟೆಗಟ್ಟಲೆ ನಿಂತವು. ಕರೆ ಕೊಟ್ಟ ನಾಯಕರಿರಲಿಲ್ಲ, ಬ್ಯಾನರಿರಲಿಲ್ಲ. ಮರುದಿನ ಅದು ಪೀಣ್ಯ, ಜಾಲಹಳ್ಳಿ, ತುಮಕೂರು ರಸ್ತೆಗೂ ಹಬ್ಬಿತು. ಪೊಲೀಸರು ಲಾಠಿ ಬೀಸಿದರು, ಬಸ್ಸುಗಳು ಸುಟ್ಟವು, ಹೆಬ್ಬಗೋಡಿ ಪೊಲೀಸ್ ಠಾಣೆಯ ಅಂಗಳದಲ್ಲಿದ್ದ ವಾಹನಗಳಿಗೂ ಬೆಂಕಿ ಬಿತ್ತು. ಕಾರಣ, ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಹೊರಡಿಸಿದ್ದ ಭವಿಷ್ಯನಿಧಿಯ (ಪಿಎಫ್) ಒಂದು ಅಧಿಸೂಚನೆ.

ನಿಯಮ ಇಷ್ಟೇ. ಕೆಲಸಗಾರ್ತಿಯ ಸಂಬಳದಿಂದ ಶೇ 12 ಪಿಎಫ್‌ಗೆ ಹೋಗುತ್ತದೆ. ಮಾಲೀಕರು ಕೊಡುವ ಶೇ 12ರಲ್ಲಿ ಶೇ 8.33 ಪಿಂಚಣಿಗೆ, ಉಳಿದ ಶೇ 3.67 ಪಿಎಫ್ ಖಾತೆಗೆ. ಅಲ್ಲಿಯತನಕ ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಇದ್ದರೆ ಖಾತೆಯ ಹಣವೆಲ್ಲ ಕೈಗೆ ಬರುತ್ತಿತ್ತು. ಹೊಸ ನಿಯಮದಲ್ಲಿ ತಮ್ಮ ಪಾಲು, ಅದರ ಬಡ್ಡಿ ಮಾತ್ರ. ಮಾಲೀಕರ ಪಾಲು 58 ವರ್ಷ ತುಂಬುವತನಕ ಅಲ್ಲೇ.

ದೆಹಲಿಯಲ್ಲಿ ಕೂತು ನೋಡಿದರೆ ಮುಪ್ಪಿನ ಕಾಲಕ್ಕೆ ಉಳಿತಾಯ. ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಹಾಗೆ ಕಾಣಲಿಲ್ಲ. ಗಾರ್ಮೆಂಟ್ಸ್‌ನಲ್ಲಿ 58ರತನಕ ದುಡಿದವರನ್ನು ನಾನಂತೂ ಕಂಡಿಲ್ಲ. ನಲವತ್ತು ದಾಟಿದರೆ ಕಣ್ಣು ಮಂಜು, ಬೆನ್ನು ನೋವು, ಟಾರ್ಗೆಟ್ ಮುಟ್ಟುವುದಿಲ್ಲ. ಮಗಳ ಕಾಲೇಜು ಫೀಸು, ಭೋಗ್ಯಕ್ಕೆ ಹಾಕಿದ ಮನೆಯ ಮುಂಗಡ, ಬಡ್ಡಿ ಸಾಲ, ಎಲ್ಲಕ್ಕೂ ಅವರ ಲೆಕ್ಕದಲ್ಲಿ ಇದ್ದದ್ದು ‘ಪಿಎಫ್ ಬಿಡಿಸೋದು’ ಒಂದೇ ದಾರಿ. ಅದಕ್ಕೇ ಕಲ್ಲು ಹಾಕಿದರು ಅಂತ ಸುದ್ದಿ ಬಂತು. ಬಾಯಿಂದ ಬಾಯಿಗೆ ಹೋಗುವಾಗ ಅದು ‘ಪಿಎಫ್ ದುಡ್ಡೇ ಇನ್ನು ಕೊಡಲ್ಲವಂತೆ’ ಎಂದಾಯಿತು.

ನಾನಿದ್ದ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಮೊದಲು ಕೇಳಿದ್ದು ಲೈನ್ ಸೂಪರ್‌ವೈಸರನ್ನು. ‘ನಂಗೇನ್ ಗೊತ್ತಮ್ಮ, ಆಫೀಸ್‌ನಲ್ಲಿ ಕೇಳು’ ಅಂದರು. ಆಫೀಸಿನಲ್ಲಿ ‘ಸರ್ಕಾರದ ರೂಲ್ಸು’ ಅಂದರು. ಅಧಿಸೂಚನೆ ಹೊರಟು ಎರಡು ತಿಂಗಳು ಕಳೆದಿತ್ತು. ಅದರ ಜಾರಿಯನ್ನು ಸರ್ಕಾರವೇ ಏಪ್ರಿಲ್ 30ಕ್ಕೆ ಮುಂದೂಡಿತ್ತು. ಈ ಎರಡನ್ನೂ ಐದು ನಿಮಿಷದಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಒಬ್ಬರು ಪ್ರತಿ ಲೈನಿನಲ್ಲಿ ಇದ್ದಿದ್ದರೆ ಪ್ರತಿಭಟನೆ ನಿಲ್ಲುತ್ತಿತ್ತು ಅನ್ನಲಾರೆ. ಆ ಸಿಟ್ಟಿಗೆ ನ್ಯಾಯವಾದ ಕಾರಣವಿತ್ತು. ಏಪ್ರಿಲ್ 19ರ ಸಂಜೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನೇ ವಾಪಸು ತೆಗೆದುಕೊಂಡಿತು. ಹೆಣ್ಣುಮಕ್ಕಳು ಗೆದ್ದರು. ಆದರೆ ‘ದುಡ್ಡೇ ಕೊಡಲ್ಲವಂತೆ’ ಅನ್ನುವ ಭಯದ ಮಟ್ಟಿಗಾದರೂ ಅಂದು ಉತ್ತರ ಕಾರ್ಖಾನೆಯೊಳಗೇ ಸಿಗಬೇಕಿತ್ತು.

ಹತ್ತು ವರ್ಷ ಆಗುತ್ತ ಬಂದಾಗ ಅದೇ ಭಯ ಮತ್ತೆ ಬಂತು. 2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯ ಕೇಂದ್ರ ಮಂಡಳಿ ಹಣ ಹಿಂಪಡೆಯುವ ನಿಯಮಗಳನ್ನು ಬದಲಿಸಲು ತೀರ್ಮಾನಿಸಿತು. ಕೆಲಸ ಹೋದರೆ ಶೇ 75 ಕೂಡಲೇ, ಉಳಿದ ಶೇ 25 ಹನ್ನೆರಡು ತಿಂಗಳ ನಂತರ. ವಾಟ್ಸ್ಆ್ಯಪಿನಲ್ಲಿ ಹರಿದಾಡಿದ್ದು ಹನ್ನೆರಡು ತಿಂಗಳ ಮಾತು ಮಾತ್ರ. ಜಯನಗರ 4ನೇ ಬ್ಲಾಕಿನ ಬಟ್ಟೆ ಅಂಗಡಿಯೊಂದರಲ್ಲಿ ಆ ವಾರ ಫ್ಲೋರ್ ಇನ್‌ಚಾರ್ಜ್ ಮಹಿಳೆಯೊಬ್ಬರು ಊಟದ ಬಿಡುವಿನಲ್ಲಿ ಚೀಟಿಯ ಮೇಲೆ ಲೆಕ್ಕ ಹಾಕಿ ಎಲ್ಲರಿಗೂ ತೋರಿಸುತ್ತಿದ್ದರು: ‘ನಲವತ್ತು ಸಾವಿರ ಇದ್ರೆ ಮೂವತ್ತು ಆವಾಗ್ಲೇ, ಹತ್ತು ಆಮೇಲೆ.’ ಅಷ್ಟೇ ಬೇಕಾಗಿದ್ದು. ನನ್ನ ಪಿಪಿಟಿಯಲ್ಲಿ ಅಷ್ಟು ಚೆಂದದ ಸ್ಲೈಡ್ ಇಲ್ಲ.

ನವೆಂಬರ್ ಬಂತು ನೋಡಿ, ಮಾಲೀಕರ ಫೋನು ನಿಲ್ಲಲಿಲ್ಲ. ಇಪ್ಪತ್ತೊಂಬತ್ತು ಕೇಂದ್ರ ಕಾನೂನುಗಳು ನಾಲ್ಕು ಸಂಹಿತೆಗಳಾಗಿ ಜಾರಿಗೆ ಬಂದಿದ್ದವು: ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಸ್ಥಳದ ಸುರಕ್ಷತೆ. ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ ಅನ್ನುವುದನ್ನು ಟಿವಿಯಲ್ಲಿ ಹೊಸ ಸಂಗತಿಯಂತೆ ಹೇಳಿದರು. ನನಗೆ ನಗು ಬಂತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ, ಸೇರಿದ ಮೂವತ್ತು ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು ಎಂಬುದು ಯಾವಾಗಿನಿಂದಲೋ ಇದೆ. ಜೆ.ಪಿ. ನಗರದಲ್ಲಿ ಎಷ್ಟು ದರ್ಶಿನಿಗಳು ಕೊಟ್ಟಿವೆ ಅಂತ ಕೇಳಬೇಡಿ.

ಸಂಬಳದ ಚೀಟಿ ಬರೆಯುವವರಿಗೆ ನಿಜಕ್ಕೂ ಹೊಸದು ‘ವೇತನ’ದ ವ್ಯಾಖ್ಯೆ. ಇಪ್ಪತ್ತು ಸಾವಿರದಲ್ಲಿ ಮೂಲ ವೇತನ ಎಂಟು ಸಾವಿರ, ಮಿಕ್ಕ ಹನ್ನೆರಡು ಸಾವಿರ ಬಗೆಬಗೆಯ ಭತ್ಯೆ ಅಂತ ತೋರಿಸಿ ಪಿಎಫ್ ಕಡಿಮೆ ಮಾಡುವುದು ಹಳೆಯ ಜಾಣತನ. ಈಗ ಇಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಇಲ್ಲಿ ದಾಟಿದ್ದು ಎರಡು ಸಾವಿರ, ಹಾಗಾಗಿ ಲೆಕ್ಕಕ್ಕೆ ವೇತನ ಹತ್ತು ಸಾವಿರ. ಪಿಎಫ್ 960 ಇದ್ದದ್ದು 1,200 ಆಗುತ್ತದೆ. ಕೈಗೆ ಬರುವ ಸಂಬಳದಲ್ಲಿ 240 ರೂಪಾಯಿ ಕಡಿಮೆ. ಅಂದರೆ ಮುಂದಿನ ಒಂದನೇ ತಾರೀಕು ‘ನನ್ನ ದುಡ್ಡು ಯಾಕೆ ಕಟ್ ಮಾಡಿದ್ರಿ?’ ಎಂಬ ಪ್ರಶ್ನೆ ಗಲ್ಲಾದ ಮುಂದೆ ಬಂದು ನಿಲ್ಲುತ್ತದೆ. ಅಷ್ಟೇ ಮೊತ್ತವನ್ನು ಮಾಲೀಕರೂ ಹೆಚ್ಚಿಗೆ ಕಟ್ಟುತ್ತಿದ್ದಾರೆ ಎಂದು ಮ್ಯಾನೇಜರಿಗೆ ಗೊತ್ತಿರಬೇಕು, ಹೇಳುವಷ್ಟು ತಾಳ್ಮೆಯೂ ಇರಬೇಕು.

ಇನ್ನೊಂದು ಸಂಗತಿಯನ್ನು ಮಾಲೀಕರು ಬೇಗ ಕಲಿತರು. ಇನ್‌ಸ್ಪೆಕ್ಟರು ಈಗ ‘ಸುಗಮಕಾರ’ನೂ ಹೌದು, ವೇತನ ಸಂಹಿತೆಯಡಿ ಕೇಸು ಹಾಕುವ ಮುನ್ನ ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಡಬೇಕು. ‘ಹಾಗಾದ್ರೆ ಒಂದು ಸಲ ಫ್ರೀ’ ಅಂದರು ಬನಶಂಕರಿಯ ಒಬ್ಬ ಯಜಮಾನರು. ಐದು ವರ್ಷದೊಳಗೆ ಅದೇ ಬಗೆಯ ತಪ್ಪು ಮತ್ತೆ ಆದರೆ ಆ ಅವಕಾಶವಿಲ್ಲ ಅನ್ನುವ ಮುಂದಿನ ಸಾಲನ್ನು ಅವರಿಗೆ ಯಾರೂ ಫಾರ್ವರ್ಡ್ ಮಾಡಿರಲಿಲ್ಲ.

ಇದೇ ಯಜಮಾನರ ಬಳಗದಲ್ಲಿ ‘ನಮ್ಮಲ್ಲಿ ಒಂಬತ್ತೇ ಜನ’ ಎನ್ನುವವರು ಬಹಳ. ಹತ್ತು ಜನ ಆದರೆ ಇಎಸ್ಐ (ನೌಕರರ ರಾಜ್ಯ ವಿಮೆ) ಬರುತ್ತದೆ, ಹಾಗಾಗಿ ಹತ್ತನೆಯವನು ಪುಸ್ತಕದಲ್ಲಿ ಇರುವುದೇ ಇಲ್ಲ. ಹದಿನೈದು ಸಾವಿರ ಸಂಬಳಕ್ಕೆ ಮಾಲೀಕರ ಇಎಸ್ಐ ಪಾಲು ಶೇ 3.25, ಅಂದರೆ 487 ರೂಪಾಯಿ 50 ಪೈಸೆ. ನೌಕರನದು 112 ರೂಪಾಯಿ 50 ಪೈಸೆ. ಇದನ್ನು ಉಳಿಸಿಕೊಂಡವರ ಅಡುಗೆಮನೆಯಲ್ಲಿ ಬಾಣಲೆಯ ಎಣ್ಣೆ ಉಕ್ಕಿ ಒಬ್ಬನ ಕೈ ಸುಟ್ಟರೆ ಆಸ್ಪತ್ರೆ ಖರ್ಚು, ಪರಿಹಾರ ಎಲ್ಲ ನೇರವಾಗಿ ಮಾಲೀಕರ ತಲೆಗೇ. ಮಳೆಗಾಲದಲ್ಲಿ ಕೊಡೆ ಮಾರಿ ಕಾಸು ಮಾಡಿಕೊಂಡಂತೆ.

ಬಿಟಿಎಂನ ಪಿಜಿ ನಡೆಸುವವರದು ಇನ್ನೂ ವಿಚಿತ್ರ. ನಾಲ್ಕು ಮಹಡಿ, ಅಡುಗೆಯವರು, ನೆಲ ಒರೆಸುವವರು, ರಾತ್ರಿ ಕಾವಲಿಗೆ ಒಬ್ಬ, ಬಹುಪಾಲು ಒಡಿಶಾ, ಅಸ್ಸಾಂ, ನೇಪಾಳದಿಂದ ಬಂದವರು. ಆದರೆ ‘ನಾವು ಮನೆ ಬಾಡಿಗೆಗೆ ಕೊಟ್ಟವರು ಅಷ್ಟೇ’ ಅನ್ನುತ್ತಾರೆ. ಊಟ ವಸತಿಯ ಮನೆಗಳೂ ಅಂಗಡಿ ಕಾಯ್ದೆಯ ಲೆಕ್ಕಕ್ಕೆ ಬರುತ್ತವೆ, ವಾರಕ್ಕೊಂದು ರಜೆ ಕೊಡಬೇಕು ಎಂದರೆ ‘ಭಾನುವಾರ ಅಡುಗೆಯವನಿಗೆ ರಜೆ ಕೊಟ್ಟರೆ ಹುಡುಗರು ಏನು ತಿನ್ನಬೇಕು?’ ಎಂದು ನನ್ನನ್ನೇ ಕೇಳುತ್ತಾರೆ. ಭಾನುವಾರವೇ ಅಂತ ಕಾನೂನು ಹೇಳಿಲ್ಲ ಸ್ವಾಮಿ, ಮಂಗಳವಾರ ಕೊಡಿ.

ರಾಜ್ಯ ಸರ್ಕಾರದ ಋತುಚಕ್ರ ರಜೆಯ ಆದೇಶವೂ ಅದೇ ನವೆಂಬರಿನದು. 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ, ವೈದ್ಯರ ಸರ್ಟಿಫಿಕೇಟ್ ಬೇಡ. ಹೊಟೇಲು ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಡಿಸೆಂಬರ್ 9ರಂದು ಆದೇಶಕ್ಕೆ ತಡೆ ಬಿತ್ತು, ಅದೇ ದಿನ ಆ ತಡೆಯನ್ನು ಹಿಂದಕ್ಕೆ ಪಡೆದದ್ದೂ ಆಯಿತು. ಆವತ್ತು ಬೆಳಿಗ್ಗೆಯ ಸುದ್ದಿ ಮಾತ್ರ ನೋಡಿದ ಕೆಲವು ಮ್ಯಾನೇಜರುಗಳು ವಾರಗಳ ಮೇಲೂ ‘ಅದು ಸ್ಟೇ ಆಗಿದೆಯಲ್ಲ’ ಎನ್ನುತ್ತಿದ್ದರು. ಇದರಲ್ಲಿ ಕಲಿಸಬೇಕಾದದ್ದು ನಿಯಮಕ್ಕಿಂತ ನಡತೆ. ಗಿರಾಕಿಗಳ ಎದುರು ‘ಏನಮ್ಮ, ಆ ರಜೆನಾ?’ ಎಂದು ಒಬ್ಬ ಇನ್‌ಚಾರ್ಜ್ ಒಮ್ಮೆ ಗಟ್ಟಿಯಾಗಿ ಕೇಳಿದರೆ ಸಾಕು, ಆ ಅಂಗಡಿಯಲ್ಲಿ ಇನ್ಯಾರೂ ಆ ರಜೆ ಕೇಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಬರೀ ‘ರಜೆ’ ಅಂತ ಬರೆಯಿರಿ, ಕಾರಣದ ಕಾಲಂ ಬೇಡ ಎನ್ನುತ್ತೇನೆ.

ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ ವಿಷಯದಲ್ಲೂ ಅಷ್ಟೆ. ಹತ್ತು ಜನ ಇದ್ದಲ್ಲಿ ಆಂತರಿಕ ಸಮಿತಿ ಬೇಕು. ಅಧ್ಯಕ್ಷೆ ಸಂಸ್ಥೆಯ ಹಿರಿಯ ಮಹಿಳೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಾಗದಂತೆ ಮಹಿಳೆಯರು, ಹೊರಗಿನವರು ಒಬ್ಬರು. ಸಮಿತಿ ರಚಿಸದಿದ್ದರೆ ಐವತ್ತು ಸಾವಿರ ರೂಪಾಯಿತನಕ ದಂಡ. ನಿಯತವಾಗಿ ಅರಿವಿನ ಕಾರ್ಯಾಗಾರ ನಡೆಸುವುದೂ ಮಾಲೀಕರ ಕರ್ತವ್ಯ. ಆದರೆ ನಡೆಯುವುದು ಹೆಚ್ಚಾಗಿ ಇಂಗ್ಲಿಷ್ ವಿಡಿಯೊ, ಕೊನೆಗೊಂದು ಗ್ರೂಪ್ ಫೋಟೊ, ಗೋಡೆಗೊಂದು ಫ್ರೇಮು. ಹೊರಗಿನ ಸದಸ್ಯೆಯಾಗಿ ಹೋದಲ್ಲೆಲ್ಲ ನಾನು ನೆಲ ಒರೆಸುವಾಕೆಯನ್ನು ಕೇಳುತ್ತೇನೆ, ‘ಕಮಿಟಿಯಲ್ಲಿ ಯಾರಿದ್ದಾರೆ ಗೊತ್ತೇನಮ್ಮ?’ ಒಂದು ನರ್ಸಿಂಗ್ ಹೋಮಿನಲ್ಲಿ ಆಕೆ ಗೋಡೆಯ ಫೋಟೊ ತೋರಿಸಿ ‘ಇವರು ಬರ್ತಡೇಗೆ ಬಂದಿದ್ರು’ ಅಂದಳು. ಹತ್ತಕ್ಕಿಂತ ಕಡಿಮೆ ಜನ ಇರುವ ಅಂಗಡಿಯವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ.

ಈಗೀಗ ನಾನು ಎರಡು ಗಂಟೆಯ ಕ್ಲಾಸು ಬಿಟ್ಟಿದ್ದೇನೆ. ಮಧ್ಯಾಹ್ನ ಮೂರೂವರೆಗೆ, ಊಟದ ಗದ್ದಲ ಇಳಿದು ಸಂಜೆಯ ಕಾಫಿ ಶುರುವಾಗುವ ಮೊದಲು, ಅರ್ಧ ಗಂಟೆ. ಒಂದು ಸಲಕ್ಕೆ ಒಂದೇ ವಿಷಯ. ಗಲ್ಲಾದವರು ಮ್ಯಾನೇಜರಾಗಿಯೇ ಕೂತಿರುತ್ತಾರೆ, ನಾನು ಕೆಲಸ ಬಿಟ್ಟು ಹೊರಟ ಕ್ಲೀನರ್ ಆಗಿ ಎದುರು ನಿಂತು ಬಾಕಿ ಕೇಳುತ್ತೇನೆ. ಕೆಲವರು ನನ್ನನ್ನೂ ಬೈದು ಕಳಿಸಿದ್ದಾರೆ. ಅನುಮಾನ ಬಂದರೆ ಡೈರಿ ವೃತ್ತದ ಹತ್ತಿರ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಕೇಳಿ ಎನ್ನುತ್ತೇನೆ, ಜಯನಗರದಿಂದ ದೂರವೇನಲ್ಲ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಆ ತಿಂಗಳ ಅರ್ಧ ಗಂಟೆ ಅದಕ್ಕೇ ಮೀಸಲು. ಹೊಸ ದರದ ಪಟ್ಟಿಯನ್ನು ಮ್ಯಾನೇಜರು ತಮ್ಮ ಕೈಯಾರೆ ಕನ್ನಡದಲ್ಲಿ ಬರೆದು, ಕೆಲಸದವರು ಕೈ ತೊಳೆಯುವ ಜಾಗದ ಗೋಡೆಗೆ ಅಂಟಿಸಿದ ಮೇಲೇ ನನ್ನ ಬಿಲ್ಲಿಗೆ ಸಹಿ.