ಗೊಡ್ಡು ತೊಗರಿಗೆ ಜೀವವಿದೆ, ಅದರೊಳಗಿನ ವೈರಸ್‌ಗೆ?

ಸೇಡಂ ತಾಲ್ಲೂಕಿನ ಆದಿತ್ಯನಗರ ಸಿಮೆಂಟಿಗೆ ಹೆಸರಾದ ಊರು. ಸುತ್ತಲಿನ ಎರೆ ಭೂಮಿಯೆಲ್ಲ ತೊಗರಿಯದು. ಹೊಲವೆಲ್ಲ ಹೂ ಬಿಟ್ಟಾಗ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಹೂವಿಲ್ಲದೆ, ತಿಳಿಹಸಿರು ಎಲೆಗಳ ಪೊದೆಯಾಗಿ ನಿಂತುಬಿಡುತ್ತದೆ. ಅದು ಗೊಡ್ಡು ರೋಗ.

ತನ್ನಂಥದ್ದನ್ನೇ ಹುಟ್ಟಿಸುವುದು ಜೀವಿಯ ಲಕ್ಷಣ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಗೊಡ್ಡು ಗಿಡ ಕಾಯಿ ಕಟ್ಟುವುದಿಲ್ಲ. ಆದರೂ ಅದು ನಿರ್ಜೀವವಲ್ಲ. ಬೇರು ನೀರೆಳೆಯುತ್ತದೆ, ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ಅದರೊಳಗೆ ಸೇರಿದ ವೈರಸ್‌ನದು ತದ್ವಿರುದ್ಧ ಕತೆ. ಉಸಿರಿಲ್ಲ, ಊಟವಿಲ್ಲ, ಸ್ವಂತ ಜೀವಕೋಶವೂ ಇಲ್ಲ. ತೊಗರಿಯ ಕೋಶ ಹೊಕ್ಕಿತೆಂದರೆ ಮಾತ್ರ ಆ ಕೋಶದ ಕೈಯಿಂದಲೇ ತನ್ನ ಸಾವಿರಾರು ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಸಂತಾನವನ್ನು ಅಳತೆಗೋಲು ಮಾಡಿದರೆ ಗಿಡ ಸೋಲುತ್ತದೆ, ಉಸಿರು-ಊಟವನ್ನು ಮಾಡಿದರೆ ವೈರಸ್.

ಈ ರೋಗವನ್ನು 1931ರಲ್ಲೇ ಬಿಹಾರದ ಪೂಸಾದಲ್ಲಿ ಗುರುತಿಸಿದ್ದರು. ಬರಿಗಣ್ಣಿಗೆ ಕಾಣದ ನುಸಿಯೊಂದು ಗಾಳಿಯಲ್ಲಿ ತೇಲಿ ಅದನ್ನು ಹರಡುತ್ತದೆಂದು ಆಮೇಲೆ ತಿಳಿಯಿತು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳೂ ಅವರ ಸಂಗಡಿಗರೂ ವೈರಸನ್ನು ಪತ್ತೆಹಚ್ಚುವ ಹೊತ್ತಿಗೆ ಸುಮಾರು 70 ವರ್ಷ ಕಳೆದಿತ್ತು. ತಂಬಾಕಿನ ವೈರಸ್ ಅಷ್ಟು ಕಾಡಿರಲಿಲ್ಲ. ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ 1935ರಲ್ಲೇ ಅದನ್ನು ಉಪ್ಪಿನಂತೆ ಹರಳುಗಟ್ಟಿಸಿದರು. ಆ ಹರಳನ್ನು ಕರಗಿಸಿ ಎಲೆಗೆ ಹಚ್ಚಿದಾಗ ರೋಗ ಮತ್ತೆ ಬಂತು! ಜೀವ–ನಿರ್ಜೀವಗಳ ನಡುವೆ ಗೆರೆ ಎಳೆಯುವ ಕೆಲಸ ಅಂದಿನಿಂದ ಇನ್ನಷ್ಟು ಕಠಿಣವಾಯಿತು.

ತನ್ನನ್ನು ತಾನೇ ನಡೆಸಿಕೊಳ್ಳುವ, ಡಾರ್ವಿನ್ ಹೇಳಿದಂತೆ ವಿಕಾಸ ಹೊಂದಬಲ್ಲ ರಾಸಾಯನಿಕ ವ್ಯವಸ್ಥೆಯೇ ಜೀವ ಎಂಬುದು 1994ರಲ್ಲಿ ನಾಸಾದ ಸಮಿತಿಯೊಂದು ಒಪ್ಪಿದ ವ್ಯಾಖ್ಯೆ. ವೈರಸ್ ವಿಕಾಸ ಹೊಂದುತ್ತದೆ, ತನ್ನನ್ನು ತಾನು ನಡೆಸಿಕೊಳ್ಳಲಾರದು. ಗೊಡ್ಡು ಗಿಡ ತನ್ನನ್ನು ನಡೆಸಿಕೊಳ್ಳುತ್ತದೆ, ಆದರೆ ವಿಕಾಸ ಅದೊಂದರದಲ್ಲ, ತೊಗರಿಯ ಇಡೀ ಕುಲದ್ದು. ನಮಗೆ ಗೊತ್ತಿರುವುದು ಭೂಮಿಯ ಒಂದೇ ಮಾದರಿಯ ಜೀವ. ಅದನ್ನಷ್ಟೇ ನೋಡಿ ವ್ಯಾಖ್ಯೆ ಕಟ್ಟುವುದು ಅವಸರವೆಂಬ ತತ್ವಶಾಸ್ತ್ರಜ್ಞೆ ಕ್ಯಾರಲ್ ಕ್ಲೀಲ್ಯಾಂಡ್ ಅವರ ವಾದ ನನಗೆ ಒಪ್ಪಿಗೆ. ಜೀವವನ್ನು ಬಿಡಿಬಿಡಿ ವಸ್ತುಗಳಲ್ಲಿ ಹುಡುಕುವುದೂ ತೊಡಕೇ. ಗಿಡ, ನುಸಿ, ವೈರಸ್ ಮೂರನ್ನೂ ಒಟ್ಟಿಗೆ ನೋಡದೆ ಗೊಡ್ಡು ರೋಗವೇ ಅರ್ಥವಾಗದು.

ರೈತರು ಜೀವದ ವ್ಯಾಖ್ಯೆಗಾಗಿ ಕಾಯಬೇಕಿಲ್ಲ. ಗೊಡ್ಡು ರೋಗ ಬೀಜದಿಂದ ಹರಡುವುದಿಲ್ಲ. ವೈರಸ್ ಉಳಿಯಬೇಕಾದರೆ ಹಸಿರು ಗಿಡ ಬೇಕೇ ಬೇಕು. ಆದ್ದರಿಂದ ಬದುಗಳ ಮೇಲೆ ಉಳಿದ ಹಳೆಯ ತೊಗರಿ ಗಿಡಗಳನ್ನು ಬಿತ್ತನೆಗೆ ಮೊದಲೇ ಕಿತ್ತುಹಾಕಿ.