ಕೆರೆಯ ಕೋಡಿ ಕೆಲಸದಲ್ಲಿ ನಕ್ಷೆಯನ್ನು ಮೇಸ್ತ್ರಿಗೆ ಒಪ್ಪಿಸುವ ಕ್ರಮ

ಕೆರೆಯ ಏರಿಯನ್ನಾಗಲಿ ಕೋಡಿಯನ್ನಾಗಲಿ ದುರಸ್ತು ಮಾಡಿಸುವಾಗ, ನಕ್ಷೆಯನ್ನು ಬರೆಯಿಸಿ ಮೇಸ್ತ್ರಿಯ ಕೈಗೆ ಕೊಟ್ಟೊಡನೆ ತಮ್ಮ ಹೊಣೆ ತೀರಿತೆಂದು ಗ್ರಾಮಸ್ಥರು ಭಾವಿಸುವುದುಂಟು. ಕೆಲಸವು ಕೆಡುವುದು ಅನೇಕವೇಳೆ ಆ ಗಳಿಗೆಯಲ್ಲಿಯೇ. ಕೋಡಿಯ ತಪ್ಪು ಬೇಸಿಗೆಯಲ್ಲಿ ಯಾರ ಕಣ್ಣಿಗೂ ಬೀಳದು. ಹಿರಿಮಳೆಯ ರಾತ್ರಿ ಏರಿ ಒಡೆದು, ಕೆಳಗಣ ಗದ್ದೆಗಳನ್ನು ಮರಳು ಮುಚ್ಚಿದಾಗ ತಿಳಿಯುವುದು.

ಅಳತೆಯನ್ನೇ ನೋಡಿರಿ. 60 ಅಡಿ ಉದ್ದದ ಕೋಡಿಯನ್ನು, ಮೊಳಕ್ಕೆ 18 ಅಂಗುಲದ ಲೆಕ್ಕದಲ್ಲಿ, 40 ಮೊಳವೆಂದು ಹೇಳುವುದು ಸರಿಯೇ. ಆದರೆ ಅಳೆದವನ ಕೈಮೊಳವು 17 ಅಂಗುಲವಾದರೆ ಕೋಡಿಯು 56 ಅಡಿ 8 ಅಂಗುಲಕ್ಕೇ ನಿಲ್ಲುವುದು. ಬಾಯಿ ಕಿರಿದಾದಷ್ಟೂ ಪ್ರವಾಹವು ಏರಿಯ ತಲೆಯ ಕಡೆಗೆ ಏರಲೇಬೇಕು.

ಇನ್ನು ಏರಿಯ ಎತ್ತರವು 10 ಅಡಿ ಎಂದು ಬರೆದಿರುತ್ತದೆನ್ನೋಣ. ಬರೆದವರ ಮನಸ್ಸಿನಲ್ಲಿರುವುದು ಮಣ್ಣು ಕುಸಿದು ನೆಲೆಗೊಂಡ ಮೇಲಿನ ಎತ್ತರ. ಮೇಸ್ತ್ರಿಗೆ ತೋರುವುದು ಇಂದು ಸುರಿದ ಮಣ್ಣಿನ ಎತ್ತರ. ದಿಮ್ಮಸು ಹಾಕದ ಸಡಿಲ ಮಣ್ಣು ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲಿನಷ್ಟು ಇಳಿಯುವುದರಿಂದ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಏರಿಯು 9 ಅಡಿಗೆ ಬಂದಿರುವುದು. ಇಬ್ಬರೂ ಸುಳ್ಳಾಡಲಿಲ್ಲ.

ಎಲ್ಲಕ್ಕಿಂತ ಅಪಾಯಕರವಾದ ಬದಲಾವಣೆಯನ್ನು ಮಾಡಿಸುವವರು ನಾವೇ ಎಂದು ಒಪ್ಪಿಕೊಳ್ಳಬೇಕು. ಇನ್ನಷ್ಟು ನೀರು ನಿಲ್ಲಲೆಂದು, ಕೋಡಿಯ ಮೇಲೆ ಒಂದು ವರಸೆ ಕಲ್ಲು ಹೆಚ್ಚಾಗಿ ಕಟ್ಟುವಂತೆ ರೈತರು ಮೇಸ್ತ್ರಿಯನ್ನು ಕೇಳುವರು. ಅವನು ದಾಕ್ಷಿಣ್ಯಕ್ಕೆ ಕಟ್ಟುವನು. ಕೋಡಿಯು ಒಂದು ಅಡಿ ಏರಿದರೆ, ಪ್ರವಾಹದ ನೀರಿಗೂ ಏರಿಯ ತಲೆಗೂ ನಡುವೆ ಬಿಟ್ಟಿದ್ದ ಅಂತರದಲ್ಲಿ ಒಂದು ಅಡಿ ಹೋಯಿತು. ನಕ್ಷೆಯು ಅಂಕಿಯನ್ನು ತೋರಿಸಿತೇ ಹೊರತು ಕಾರಣವನ್ನು ಹೇಳಲಿಲ್ಲ. ಕಾರಣವನ್ನು ತಿಳಿದ ಮೇಸ್ತ್ರಿಯು ಇಂಥ ಕೋರಿಕೆಯನ್ನು ನಿರಾಕರಿಸಬಲ್ಲನು.

ಆದುದರಿಂದ ನಕ್ಷೆ ಬರೆದವರನ್ನು ಕೆರೆಯ ಬಳಿಗೇ ಕರೆತಂದು, ಗೂಟ ನೆಟ್ಟು, ಹಗ್ಗ ಕಟ್ಟಿ, ಒಂದೊಂದು ಅಳತೆಯೂ ಏತಕ್ಕೆಂಬುದನ್ನು ಊರವರ ಎದುರಿಗೆ ವಿವರಿಸುವಂತೆ ಮಾಡತಕ್ಕದ್ದು. ಮೇಸ್ತ್ರಿಯು "ಆಗಲಿ ಸ್ವಾಮಿ" ಎಂದಮಾತ್ರಕ್ಕೆ ತೃಪ್ತರಾಗದೆ, ಅವನಿಂದಲೇ ಮರಳಿ ಹೇಳಿಸತಕ್ಕದ್ದು. ಮರ್ಯಾದೆಗಾಗಿ ತಲೆಯಾಡಿಸುವುದು ನಮ್ಮ ಜನರಲ್ಲಿ ವಾಡಿಕೆಯಷ್ಟೆ.

ಅವನ ಆಕ್ಷೇಪಣೆಯನ್ನೂ ಕೇಳಬೇಕು. ಪಾಯ ಅಗೆಯುವಾಗ ಬಂಡೆಯೋ ಜೌಗೋ ಸಿಕ್ಕುವುದನ್ನು ಮೊದಲು ಕಾಣುವವನು ಅವನೇ. ಆಗ ಕೆಲಸವನ್ನು ನಿಲ್ಲಿಸಿ, ನಕ್ಷೆ ಬರೆದವರನ್ನು ಕೇಳಿ, ಒಪ್ಪಿದ ಮಾರ್ಪಾಡನ್ನು ನಕ್ಷೆಯ ಮೇಲೆಯೇ ಬರೆಯಿಸತಕ್ಕದ್ದು. ಕೋಡಿಯ ಮಟ್ಟವನ್ನು ಮಾತ್ರ, ಅಗೆತಕ್ಕೆ ಸಿಕ್ಕದ ಹತ್ತಿರದ ಬಂಡೆಯೊಂದರಲ್ಲಿ ಗೀರು ಕೊರೆಯಿಸಿ, ಕಾಮಗಾರಿ ಮುಗಿದ ದಿನ ಅದರೊಡನೆ ತಾಳೆ ನೋಡಿದ ಮೇಲೆಯೇ ಕೂಲಿಯನ್ನು ತೀರಿಸುವುದು.