ಫೋನ್ ರಿಂಗಾದರೆ ಸಾಕೇ?

“ಒಂದು ಆಪ್‌ನಿಂದ ಇನ್ನೊಂದಕ್ಕ ಕಾಲ್ ಹೋಗಂಗಿಲ್ರಿ, ಅದರ ಟೆಕ್ನಾಲಜಿನೇ ಬ್ಯಾರೆ.” ರಾಯಚೂರಿನಲ್ಲಿ ಈ ಮಾತು ಯಾರನ್ನು ಕೇಳಿದರೂ ಸಿಗುತ್ತದೆ. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋದ ಮಗ ಬಳಸುವ ಆಪ್ ಯಾವುದೋ, ಊರಲ್ಲಿರುವ ಅವ್ವನೂ ಅದನ್ನೇ ಹಾಕಿಸಿಕೊಳ್ಳಬೇಕು. ಇದು ತಂತ್ರಜ್ಞಾನದ ಮಿತಿಯಲ್ಲ, ಕಂಪನಿಗಳ ತೀರ್ಮಾನ.

ಇಂಟರ್ನೆಟ್ ಮೇಲೆ ಫೋನ್ ಹಚ್ಚಲು ಎಲ್ಲರಿಗೂ ಮುಕ್ತವಾದ ನಿಯಮಾವಳಿ 1999ರಲ್ಲೇ ಪ್ರಕಟವಾಯಿತು. ಹೆನ್ನಿಂಗ್ ಶುಲ್ಜ್‌ರಿನ್, ಮಾರ್ಕ್ ಹ್ಯಾಂಡ್ಲಿ ಮೊದಲಾದವರು ರೂಪಿಸಿದ ಅದರ ಹೆಸರು ಸಿಪ್. 2002ರಲ್ಲಿ ಪರಿಷ್ಕಾರಗೊಂಡ ಪಠ್ಯವನ್ನು ಯಾರು ಬೇಕಾದರೂ ಪುಕ್ಕಟೆ ಓದಿ ಆಪ್ ಕಟ್ಟಬಹುದು. ಸಿಪ್ ವಿಳಾಸ ನೋಡಲು ಇಮೇಲ್ ವಿಳಾಸದಂತೆಯೇ ಇರುತ್ತದೆ.

ಇದು ದೊಡ್ಡ ಆಫೀಸುಗಳ ವಸ್ತು, ನಮಗೇನು ಸಂಬಂಧ ಎನ್ನುವವರಿದ್ದಾರೆ. ಮಾನ್ವಿಯ ಭತ್ತದ ಗದ್ದೆಯ ಬದುವಿನಲ್ಲಿ ನಿಂತು 4ಜಿ ಜಾಲದಲ್ಲೇ ಕರೆ ಸಾಗಿಸುವ ವಿಓಎಲ್‌ಟಿಇಯಲ್ಲಿ (VoLTE) ಫೋನ್ ಹಚ್ಚಿದರೂ ಒಳಗೆ ದುಡಿಯುವುದು ಸಿಪ್. 2016ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯೊಗೆ 2ಜಿ, 3ಜಿ ಜಾಲವೇ ಇರಲಿಲ್ಲ; ಅದರ ಕರೆಗಳೆಲ್ಲ ಹೀಗೇ ಹೋದವು.

ನನ್ನ ಪ್ರಕಾರ ಜನರನ್ನು ಹೆಚ್ಚು ಸತಾಯಿಸುವ ತಪ್ಪು ಕಲ್ಪನೆ ಬೇರೊಂದಿದೆ: ರಿಂಗಾಯಿತೆಂದರೆ ಲೈನ್ ಸರಿಯಿದೆ ಎಂಬುದು. ಸಿಪ್ ಮಾತನ್ನು ಹೊರುವುದಿಲ್ಲ. ಅದು ಲಗ್ನಪತ್ರಿಕೆ ಹಂಚುವವನಿದ್ದಂತೆ. ಈ ಕಡೆಯಿಂದ ‘ಇನ್ವೈಟ್’ ಹೋಗುತ್ತದೆ, ಆ ಕಡೆಯಿಂದ ‘ರಿಂಗಿಂಗ್’ ಬರುತ್ತದೆ, ಎತ್ತಿಕೊಂಡರೆ ‘ಓಕೆ’, ಇಟ್ಟರೆ ‘ಬೈ’. ದನಿಯನ್ನು ಯಾವ ವಿಳಾಸಕ್ಕೆ ಕಳಿಸಬೇಕು ಎಂಬುದೂ ಆ ಪತ್ರಿಕೆಯಲ್ಲೇ ಇರುತ್ತದೆ. ದನಿ ಮಾತ್ರ ಆರ್‌ಟಿಪಿ ಎಂಬ ಬೇರೆ ಬಂಡಿ ಹತ್ತಿ, ಬಹಳ ಸಲ ಬೇರೆ ದಾರಿಯಲ್ಲೇ ಹೋಗುತ್ತದೆ. ಮನೆಯ ವೈಫೈ ರೂಟರ್ ಫೋನಿಗೆ ಕೊಡುವ ವಿಳಾಸ ಸಾಮಾನ್ಯವಾಗಿ ಆ ಮನೆಯೊಳಗಷ್ಟೇ ನಡೆಯುವಂಥದ್ದು. ಪತ್ರಿಕೆಯಲ್ಲಿ ಅದನ್ನೇ ಬರೆದು ಕಳಿಸಿದರೆ, ಊರು ಓಣಿ ಬಿಟ್ಟು ‘ಪಡಸಾಲೆಯಲ್ಲಿ ಮದುವೆ’ ಎಂದಷ್ಟೇ ಅಚ್ಚು ಹಾಕಿಸಿದಂತೆ. ನೆಂಟರು ಬರುವುದೆಲ್ಲಿಗೆ? “ರಿಂಗ್ ಆಗತೈತಿ, ಮಾತ ಕೇಳವಲ್ದು” ಎಂಬ ಗೋಳಿಗೆ ಇದೊಂದು ಮುಖ್ಯ ಕಾರಣ. ಫೋನ್ ಬದಲಿಸಿದರೆ ಇದು ಹೋಗದು. ಹೊರಗಿನ ವಿಳಾಸ ಹುಡುಕಿಕೊಡುವ ಸ್ಟನ್, ನಡುವೆ ನಿಂತು ದನಿ ದಾಟಿಸುವ ಟರ್ನ್ ಎಂಬ ಸರ್ವರ್‌ಗಳು ಇದಕ್ಕೆಂದೇ ಇವೆ.

ಮುಕ್ತ ಎಂದರೆ ಯಾರು ಬೇಕಾದರೂ ಕದ್ದು ಕೇಳಬಹುದು ಎಂಬ ಭಯವೂ ಇದೆ. ಬೀಗ ಮಾಡುವ ವಿಧಾನ ಎಲ್ಲರಿಗೂ ಗೊತ್ತಿದ್ದರೂ ನಿಮ್ಮ ಮನೆಯ ಕೀಲಿ ನಿಮ್ಮ ಹತ್ತಿರವೇ ಇರುತ್ತದಲ್ಲ! ದನಿಗೆ ಬೀಗ ಹಾಕುವ ಎಸ್‌ಆರ್‌ಟಿಪಿ ಕೂಡ ಮುಕ್ತವೇ. ಆದರೆ ಅದನ್ನು ಹಾಕಿರಬೇಕು. ಹಾಕದ ಕರೆಯನ್ನು ನಡುವೆ ಕೂತವರು ಕೇಳಬಲ್ಲರು.

ಬ್ರೌಸರ್‌ನಲ್ಲೇ ವಿಡಿಯೊ ಕರೆ ಮಾಡಿಸುವ ವೆಬ್‌ಆರ್‌ಟಿಸಿ 2021ರಲ್ಲಿ ಅಧಿಕೃತ ಮಾನದಂಡವಾಯಿತು. ದನಿ, ಚಿತ್ರ ಸಾಗಿಸುವ ರೀತಿ ಅದರಲ್ಲಿ ಎಲ್ಲರಿಗೂ ಒಂದೇ. ಆದರೆ ರಿಂಗ್ ಮಾಡಿಸುವ ಭಾಗವನ್ನು ಆಯಾ ಆಪ್‌ಗೆ ಬಿಟ್ಟಿದ್ದಾರೆ. ಹಾಗಾಗಿ ಒಳಗೆ ಒಂದೇ ಯಂತ್ರವಿದ್ದರೂ ಎರಡು ಆಪ್‌ಗಳು ಪರಸ್ಪರ ಕರೆಯಲಾರವು. ಬಾಗಿಲು ತೆಗೆಯುವುದು ಅಸಾಧ್ಯವೇನಲ್ಲ. 2005ರಲ್ಲಿ ಬಂದ ಗೂಗಲ್ ಟಾಕ್, ಎಕ್ಸ್‌ಎಂಪಿಪಿ ಎಂಬ ಮುಕ್ತ ನಿಯಮದ ಮೇಲೆ ನಿಂತು ಹೊರಗಿನ ಸರ್ವರ್‌ಗಳೊಂದಿಗೂ ಸಂದೇಶ ಹಂಚಿಕೊಂಡಿತ್ತು. 2013ರಲ್ಲಿ ಬಂದ ಹ್ಯಾಂಗೌಟ್ಸ್‌ನಲ್ಲಿ ಆ ಬಾಗಿಲು ಇರಲಿಲ್ಲ. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ ಈಗ ವಾಟ್ಸಾಪ್‌ಗೆ ಅಲ್ಲಿ ಬಾಗಿಲು ತೆಗೆಯಲು ಹೇಳಿದೆ: ಕೇಳಿಕೊಂಡ ಬೇರೆ ಆಪ್‌ಗಳ ಜೊತೆ ಮೊದಲು ಸಂದೇಶ, ಆಮೇಲೆ ದನಿ ಮತ್ತು ವಿಡಿಯೊ ಕರೆ.